ಕೆಂಪು ಬಾಟಲಿ ಮತ್ತು ನಲವತ್ತೊಂದು ದಿನ

ಮನೆ, ಅಡುಗೆಮನೆಯ ಮೇಜು
ಭಾನುವಾರ ಬೆಳಗ್ಗೆ, ೧೪ನೇ ತಾರೀಖು

ನನ್ನ ಗುಬ್ಬಚ್ಚೀ,

ಹೇಗಿದ್ದೀಯಪ್ಪಾ? ಬೆನ್ನುನೋವು ಸ್ವಲ್ಪ ಇಳೀತಾ? ದಿನಾ ಹತ್ತು ಗಂಟೆ ಆ ಕ್ರೇನಿನ ಗೂಡಲ್ಲಿ ಕೂತ್ರೆ ಕಬ್ಬಿಣಕ್ಕೂ ಬೆನ್ನು ಹಿಡ್ಕೊಳ್ಳುತ್ತೆ, ಇನ್ನು ನಿನ್ನದು ಮೂಳೆ. ನಾನು ಹೊಲಿದುಕೊಟ್ಟ ದಿಂಬನ್ನ ಬೆನ್ನಿಗೆ ಇಟ್ಕೋತಿದ್ದೀಯಾ, ಇಲ್ಲಾ ತಲೆಗಿಟ್ಟು ಮಲಗ್ತಿದ್ದೀಯಾ, ನಿಜ ಹೇಳು. ಹೊತ್ತಿಗೆ ಸರಿಯಾಗಿ ಉಣ್ತೀಯಾ? ನಾವಿಲ್ಲಿ ಚೆನ್ನಾಗಿದ್ದೀವಿ. ನಿಮ್ಮಮ್ಮನಿಗೆ ಬಸ್ಸಿನಲ್ಲಿ ಹೊಸ ರೂಟು ಕೊಟ್ಟಿದ್ದಾರೆ. ಡ್ರೈವರು ಬ್ರೇಕ್ ಹಾಕಿದಾಗೆಲ್ಲ ಟಿಕೆಟ್ ಮಿಷನ್ನು ಹಿಡ್ಕೊಂಡು ಪ್ಯಾಸೆಂಜರ್ ಮೇಲೆ ಬೀಳ್ತೀನಿ ಅಂತ ದಿನಾ ಮನೆಗೆ ಬಂದು ಆ ಪುಣ್ಯಾತ್ಮನಿಗೆ ಮಂಗಳಾರತಿ ಎತ್ತುತ್ತಾಳೆ. ನನ್ನ ಬಲಗೈ ಮಣಿಕಟ್ಟು ಈಗ ಪೂರ್ತಿ ನನ್ನ ಮಾತು ಕೇಳುತ್ತೆ. ಈ ಕಾಗದ ಅದೇ ಕೈಯಲ್ಲಿ ಬರೀತಿದ್ದೀನಿ. ಅಕ್ಷರ ಸೊಟ್ಟಗಿದ್ರೆ ಮಣಿಕಟ್ಟಿನ ತಪ್ಪಲ್ಲ, ನನ್ನ ಅಕ್ಷರ ಹುಟ್ಟಿನಿಂದಲೇ ಹಾಗೆ.

ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಲ್ಲಿ ನೀನು ಎಲ್ಲದಕ್ಕೂ ಹೂಂ ಹೂಂ ಅಂದು ‘ಆಮೇಲೆ ಮಾಡ್ತೀನಿ ಅಜ್ಜೀ’ ಅಂತ ಇಟ್ಟುಬಿಡ್ತೀಯ. ಕಾಗದ ಕೈಯಲ್ಲಿದ್ರೆ ಕೊನೇವರೆಗೆ ಓದಲೇಬೇಕು. ಅದೂ ಅಲ್ಲದೆ ಫೋನಲ್ಲಿ ಮಾತಾಡಿದ್ರೆ ನಿಮ್ಮಮ್ಮನ ಕಿವಿಗೆ ಬೀಳುತ್ತೆ, ನೀನು ಬರೆದದ್ದು ನನ್ನೊಬ್ಬಳಿಗೆ ತಾನೇ?

ಶುಕ್ರವಾರ ನಿನ್ನ ಕಾಗದ, ನಿನ್ನ ಹೆಸರಿನ ಪಾರ್ಸೆಲ್ಲು, ಎರಡೂ ಒಟ್ಟಿಗೇ ಬಂದವು. ಪಾರ್ಸೆಲ್ಲಿನಲ್ಲಿ ಎರಡು ಕೆಂಪು ಬಾಟಲಿ. ಕ್ವಾರ್ಟರ್ಸಿನ ವಾರ್ಡನ್ ಬಂದದ್ದನ್ನೆಲ್ಲ ಬಿಚ್ಚಿ ನೋಡ್ತಾನೆ ಅಂತ ಮನೆ ವಿಳಾಸ ಕೊಟ್ಟೆಯಂತೆ. ನಾನು ಅವನ್ನ ಹಳೇ ಸ್ವೆಟರಿನಲ್ಲಿ ಸುತ್ತಿ, ಒಡೆಯದ ಹಾಗೆ ಬಸ್ಸಿನವರ ಕೈಯಲ್ಲಿ ಕಳಿಸಬೇಕಂತೆ. ಇಪ್ಪತ್ತಾರನೇ ತಾರೀಖಿನ ಪರೀಕ್ಷೆಗೆ ಮುಂಚೆ ನಿನ್ನ ಕೈ ಸೇರಬೇಕಂತೆ. ಹೋದ ಸಲ ‘ಹೊಟ್ಟೆ ಔಷಧಿ’ ಅಂದಿದ್ದು ಸುಳ್ಳು, ಅದು ಡಿಟಾಕ್ಸ್ ಡ್ರಿಂಕು, ಗಾಂಜಾ ಸೇದಿದವರ ಮೈಯನ್ನ ಒಂದೇ ದಿನದಲ್ಲಿ ತೊಳೆದುಹಾಕುತ್ತೆ ಅಂತ ಈಗ ಬರೆದಿದ್ದೀಯ. ಹಳೇ ಸೈಟಿನಲ್ಲಿ ಎರಡು ವರ್ಷ ದಿನಾ ಸೇದ್ತಿದ್ದೆ, ಐದು ತಿಂಗಳ ಹಿಂದೆ ಈ ಕೆಲಸಕ್ಕೆ ಸೇರುವಾಗ ಮೂತ್ರ ಪರೀಕ್ಷೆಯಲ್ಲಿ ಪಾಸಾಗಿದ್ದು ಆ ಒಂದು ಬಾಟಲಿಯಿಂದಲೇ, ಈಗ ಮತ್ತೆ ಶುರುವಾಗಿದೆ ಅಂತಲೂ ಬರೆದಿದ್ದೀಯ. ಆಮೇಲೆ ಈ ಸಾಲು: ‘ಸಂಜೆಗೊಂದು, ಒಂದೊಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಎರಡು ದಮ್ಮು, ಅಷ್ಟೇ. ಭಯ ಬೇಡ ಅಜ್ಜೀ, ಬಾಟಲಿ ಇದೆಯಲ್ಲ.’ ಆ ಸಾಲನ್ನ ನಾನು ನಾಲ್ಕು ಸಲ ಓದಿದೆ. ಮಧ್ಯಾಹ್ನದ ಬಿಡುವಾದ ಮೇಲೆ ನೀನು ಎಲ್ಲಿಗೆ ಹತ್ತುತ್ತೀಯ ಅಂತ ನನಗೆ ಗೊತ್ತು.

ಬೈಯಲ್ಲ. ಬೈಗುಳವನ್ನೆಲ್ಲ ಶುಕ್ರವಾರವೇ ಅಡುಗೆಮನೆ ಗೋಡೆಗೆ ಬೈದು ಮುಗಿಸಿದ್ದೀನಿ. ಈಗ ನನ್ನಲ್ಲಿ ಉಳಿದಿರೋದು ಒಂದು ಬೆರಗು ಕಣೋ. ನಿನ್ನೆಯಿಂದ ನಾನು ಬಾಯಿ ಬಿಟ್ಕೊಂಡು ಕೂತಿದ್ದೀನಿ. ಅದನ್ನೇ ನಿನಗೆ ಹೇಳಬೇಕು, ತಾಳ್ಮೆಯಿಂದ ಓದು.

ಮೇಲಿನ ಮನೆಯ ಲ್ಯಾಬಿನವಳು ಗೊತ್ತಲ್ಲ, ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ‘ಶುಗರ್ ಚೆಕ್ ಮಾಡಿಸಿದ್ರಾ?’ ಅನ್ನೋಳು. ಅವಳ ಲ್ಯಾಬಿನಲ್ಲಿ ಇದೇ ಪರೀಕ್ಷೆ ಮಾಡ್ತಾರೆ. ನಿನ್ನೆ ಒಂದು ಬಾಟಲಿಯನ್ನ ಚೀಲದಲ್ಲಿ ಹಾಕ್ಕೊಂಡು ಅವಳ ಮನೆಗೆ ಹೋದೆ. ‘ನನ್ನ ಪರಿಚಯದವರೊಬ್ಬರ ಮೊಮ್ಮಗ’ ಅಂತ ಶುರು ಮಾಡಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ಅವಳು ಕೇಳದಿದ್ರೂ ಮೂರು ಸಲ ‘ನಮ್ಮ ಹುಡುಗ ಅಲ್ಲಮ್ಮಾ’ ಅಂದೆ. ಅವಳು ನನ್ನ ಮುಖ ನೋಡಿ ಬಾಟಲಿ ಇಸ್ಕೊಂಡಳು, ಒಳ್ಳೇ ಹೆಣ್ಣುಮಗಳು. ಕನ್ನಡಕ ಹಾಕ್ಕೊಂಡು ಬಾಟಲಿಯ ಮೇಲಿನ ಚೀಟಿ ಓದಿದಳು. ನೀರು, ಸಕ್ಕರೆ, ಬಣ್ಣ, ಒಂದಿಷ್ಟು ವಿಟಮಿನ್ನು, ಒಂದಿಷ್ಟು ಉಪ್ಪು, ಯಾವುದೋ ಎಲೆಬೇರಿನ ರಸ. ಕೊನೆಗೆ, ಇದನ್ನ ಕುಡಿದ ಮೇಲೆ ಇದೇ ಬಾಟಲಿ ತುಂಬ ಎರಡು ಸಲ ನೀರು ಕುಡಿಯಿರಿ ಅಂತ ಬರೆದಿದೆ. ಅದನ್ನ ಓದಿ ಅವಳು ಹೊಟ್ಟೆ ಹಿಡ್ಕೊಂಡು ನಕ್ಕಳು. ‘ಅಜ್ಜೀ, ಕೆಲಸ ಮಾಡೋದು ಈ ಕೊನೇ ಸಾಲು, ಬಾಟಲಿ ಅಲ್ಲ’ ಅಂದಳು.

ಅವಳು ಹೇಳಿದ್ದನ್ನ ನನಗೆ ತಿಳಿದಷ್ಟು ಹೇಳ್ತೀನಿ. ಗಾಂಜಾದ ಸತ್ವ ನೀರಿನಲ್ಲಿ ಕರಗೋದಲ್ಲವಂತೆ, ಕೊಬ್ಬಿಗೆ ಅಂಟಿಕೊಳ್ಳೋದಂತೆ. ಮೈಯ ಕೊಬ್ಬಿನಲ್ಲಿ ಹೋಗಿ ಬಿಡಾರ ಹೂಡುತ್ತೆ. ಅಲ್ಲಿಂದ ದಿನಕ್ಕಿಷ್ಟು ದಿನಕ್ಕಿಷ್ಟು ರಕ್ತಕ್ಕೆ ಇಳಿಯುತ್ತೆ, ಪಿತ್ತಜನಕಾಂಗ ಅದನ್ನ ಒಡೆದು ರೂಪ ಬದಲಾಯಿಸುತ್ತೆ, ಆಮೇಲೆ ಸ್ವಲ್ಪ ಮಲದಲ್ಲಿ, ಸ್ವಲ್ಪ ಮೂತ್ರದಲ್ಲಿ ಹೊರಗೆ ಹೋಗುತ್ತೆ. ಎಂದೋ ಒಂದು ದಿನ ಸೇದಿದವನಿಗೆ ನಾಲ್ಕೈದು ದಿನ ಸಾಕಾಗಬಹುದು. ದಿನಾ ಸೇದೋನಿಗೆ ವಾರಗಟ್ಟಲೆ, ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಒಬ್ಬೊಬ್ಬರ ಮೈಯದ್ದು ಒಂದೊಂದು ಲೆಕ್ಕ. ಇಡೀ ದೇಹದ ಕೊಬ್ಬಿನಲ್ಲಿ ಕೂತಿರೋದನ್ನ ಒಂದೇ ಮಧ್ಯಾಹ್ನ ಎಳೆದು ತರೋ ರಸ ಯಾವ ಬಾಟಲಿಯಲ್ಲೂ ಇಲ್ಲವಂತೆ. ಇವು ಮಾಡೋದು ಇಷ್ಟೇ: ಮೂತ್ರವನ್ನ ತೆಳ್ಳಗೆ ಮಾಡೋದು, ತೆಳ್ಳಗಾದದ್ದು ಗೊತ್ತಾಗದಿರಲಿ ಅಂತ ವಿಟಮಿನ್ನು ಹಾಕಿ ಹಳದಿ ಬಣ್ಣ ಕೊಡೋದು. ‘ನಾವೇನು ಕಣ್ಣು ಮುಚ್ಚಿಕೊಂಡು ಕೂತಿರ್ತೀವಾ ಅಜ್ಜೀ? ತೆಳುವಾಗಿದೆಯಾ ಅಂತ ಮೊದಲೇ ನೋಡ್ತೀವಿ. ಅನುಮಾನ ಬಂದ್ರೆ ಹೇಳದೆ ಕೇಳದೆ ಇನ್ನೊಂದು ದಿನ ಕರೀತೀವಿ’ ಅಂದಳು. ಅಪರೂಪಕ್ಕೆ ಯಾರೋ ಒಬ್ಬ ದಾಟಿ ಹೋಗ್ತಾನಂತೆ. ಅವನು ಹೋಗಿ ಊರಿಗೆಲ್ಲ ಸಾರ್ತಾನೆ, ಸಿಕ್ಕಿಬಿದ್ದವರು ಯಾಕೆ ಸಾರ್ತಾರೆ?

ಮೂವತ್ತನಾಲ್ಕು ವರ್ಷ ಬಣ್ಣದ ಗಿರಣಿಯಲ್ಲಿ ದುಡಿದ ನನಗೆ ಇದು ಅರ್ಥವಾಗಬೇಕಾದ್ರೆ ಲ್ಯಾಬಿನವಳು ಬೇಕಿತ್ತಾ ಅಂತ ನಾಚಿಕೆಯಾಯ್ತು ನೋಡು. ನಮ್ಮಲ್ಲಿ ಹೊಸದಾಗಿ ಸೇರಿದವರು ಇದೇ ಆಟ ಆಡ್ತಿದ್ರು. ಬಣ್ಣ ಹಾಕಿದ ನೂಲನ್ನ ನಿಧಾನವಾಗಿ ಏಳೆಂಟು ನೀರಿನಲ್ಲಿ ತೊಳೀಬೇಕು. ಬೇಗ ಮನೆಗೆ ಹೋಗೋ ಆಸೆಗೆ ಇವರು ನಲ್ಲಿ ಪೂರ್ತಿ ಬಿಟ್ಟು, ತೊಟ್ಟಿ ತುಂಬಿ ಹರಿಸಿ, ‘ಮೇಸ್ತ್ರೀ, ನೀರು ತಿಳಿಯಾಯ್ತು ನೋಡಿ’ ಅನ್ನೋರು. ಮೇಸ್ತ್ರಿ ನೀರಿನ ಕಡೆ ತಿರುಗಿಯೂ ನೋಡ್ತಿರಲಿಲ್ಲ. ನೂಲನ್ನ ಬಿಳಿ ಬಟ್ಟೆಯ ಮಧ್ಯೆ ಇಟ್ಟು ಒತ್ತೋರು, ಬಟ್ಟೆ ಕೆಂಪಾಗೋದು. ‘ನೀರನ್ನ ಕೇಳಬೇಡ, ನೂಲನ್ನ ಕೇಳು’ ಅನ್ನೋರು. ನಿನ್ನ ಬಾಟಲಿಯದ್ದೂ ಹೊಳೇಲಿ ಹುಣಸೆಹಣ್ಣು ತೊಳೆದ ಕಥೆ ಕಣೋ. ನೀರು ತಿಳಿಯಾಗಿದ್ದನ್ನ ಲ್ಯಾಬಿಗೆ ತೋರಿಸಬಹುದು. ನೂಲು ನಿನ್ನ ಮೈ, ನಿನ್ನ ತಲೆ. ಅದು ಹಾಗೇ ಇರುತ್ತೆ, ಅದನ್ನ ಹೊತ್ಕೊಂಡೇ ನೀನು ಏಣಿ ಹತ್ತುತ್ತೀಯ.

ಆದ್ರೆ ನೀನು ಹೇಳ್ತೀಯ: ‘ಅಜ್ಜೀ, ನಾನು ಪಾಸಾದೆನಲ್ಲ! ಕಣ್ಣಾರೆ ನೋಡಿದೆ, ಬಾಟಲಿ ಕುಡಿದ ಮೇಲೆ ಉಚ್ಚೆ ಕೆಂಪಗೆ ಬಂತು, ವಿಷವೆಲ್ಲ ಹರಿದುಹೋಯ್ತು.’ ಹಾಗಂತ ಕಾಗದದಲ್ಲೂ ಬರೆದಿದ್ದೀಯ. ಅದನ್ನ ಓದಿ ನಾನು ನಕ್ಕೆ, ಆಮೇಲೆ ಬೆವರಿದೆ. ಯಾಕಂದ್ರೆ ಈಗ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನನ್ನ ಮಾನ ಒಂದು ಬಾಟಲಿ ಶರಬತ್ತಿಗೆ ಹೋಗಿದೆ, ಐದು ತಿಂಗಳಿಂದ ಬಚ್ಚಿಟ್ಟುಕೊಂಡಿದ್ದೀನಿ.

ನಿನಗೆ ನೆನಪಿರಬೇಕು. ನಾನು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡ ದಿನವೇ ನೀನು ಹಳೇ ಸೈಟಿನ ಕೆಲಸ ಮುಗಿಸಿ ಮನೆಗೆ ಬಂದೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದವನೂ ನೀನೇ, ಅದನ್ನ ಬಿಚ್ಚಿಸಿದವನೂ ನೀನೇ. ಬಿಚ್ಚಿದ್ದು ನಿನ್ನ ಪರೀಕ್ಷೆಯ ಹಿಂದಿನ ದಿನ. ಮನೆಗೆ ಬಿಟ್ಟು ನೀನು ಮಾತ್ರೆ ತರೋಕೆ ಹೋದೆ. ಬಿಸಿಲಲ್ಲಿ ಬಂದಿದ್ದೆ, ಗಂಟಲು ಒಣಗಿತ್ತು. ಫ್ರಿಜ್ಜು ತೆಗೆದೆ, ಎದುರಿಗೇ ಕೆಂಪಗೆ ತಣ್ಣಗೆ ಆ ಬಾಟಲಿ. ಮುಚ್ಚಳ ನೀನೇ ಮೊದಲೊಮ್ಮೆ ತೆಗೆದು ಮೂಸಿ ಇಟ್ಟಿದ್ದೆ, ಸಲೀಸಾಗಿ ಬಂತು. ಗಟಗಟ ಅಂತ ಪೂರ್ತಿ ಕುಡಿದೆ. ಕೆಮ್ಮಿನ ಔಷಧಿಗೆ ಪೆಪ್ಪರಮೆಂಟು ಹಾಕಿದ ರುಚಿ. ಬಾಯಿ ಒರೆಸ್ಕೊಳ್ಳುವಾಗ ನೆನಪಾಯ್ತು, ‘ಅಜ್ಜೀ, ಅದು ನನ್ನ ಹೊಟ್ಟೆ ಔಷಧಿ, ಒಂದೇ ಇರೋದು, ಮುಟ್ಟಬೇಡ’ ಅಂದಿದ್ದೆ ಅಲ್ವಾ! ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೊಮ್ಮಗನ ಔಷಧಿ ಕದ್ದು ಕುಡಿದವಳು ಅನ್ನಿಸ್ಕೊಳ್ಳೋದಾ?

ಆಗ ನನ್ನ ಹಳೇ ಕಸಬು ಕೈ ಹಿಡೀತು. ಬಾಟಲಿಯ ತಳದಲ್ಲಿ ನಾಲ್ಕು ಹನಿ ಉಳಿದಿತ್ತು. ಅದನ್ನ ಬಿಳಿ ಸಾಸರಿನ ಮೇಲೆ ಬಿಟ್ಟು ಕಿಟಕಿಯ ಬೆಳಕಿಗೆ ಇಟ್ಟೆ, ಗಿರಣಿಯಲ್ಲಿ ಮಾದರಿ ಬಣ್ಣ ಇಡ್ತಿದ್ದ ಹಾಗೆ. ಅರ್ಧ ಬೀಟ್‌ರೂಟು ಎಡಗೈಯಲ್ಲಿ ತುರಿದೆ, ಬಿಸಿನೀರಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿದೆ. ನೇರಳೆ ಕಡೆ ಹೋಯ್ತು. ಎರಡು ಹನಿ ನಿಂಬೆ ಹಿಂಡಿದೆ, ಕೆಂಪಿಗೆ ತಿರುಗಿತು. ಚಿಟಿಕೆ ಅರಿಶಿನ ಹಾಕಿದೆ, ಇನ್ನೊಂದು ಚೂರು ನೀರು. ಒದ್ದೆಯಲ್ಲಿ ಒಂದು ಬಣ್ಣ, ಒಣಗಿದ್ರೆ ಇನ್ನೊಂದು, ಅದಕ್ಕೇ ಒಣಗಿಸಿ ಮತ್ತೆ ನೋಡಿದೆ. ಸಕ್ಕರೆ, ನಾಲ್ಕು ಪೆಪ್ಪರಮೆಂಟು ಕರಗಿಸಿ ಬಾಟಲಿ ತುಂಬಿಸಿದಾಗ, ನಿಜ ಹೇಳ್ತೀನಿ ಗುಬ್ಬಚ್ಚೀ, ನನಗೇ ಯಾವುದು ಅಸಲು ಯಾವುದು ನಕಲು ಗೊತ್ತಾಗಲಿಲ್ಲ. ಎದೆ ಹೆಮ್ಮೆಯಿಂದ ಉಬ್ಬಿತು, ಕಳ್ಳಿಗೆ ಹೆಮ್ಮೆ ಬೇರೆ ಕೇಡು! ಮರುದಿನ ಬೆಳಗ್ಗೆ ನೀನು ಕಣ್ಣು ಮುಚ್ಚಿ, ಮೂಗು ಹಿಡ್ಕೊಂಡು, ಹರಳೆಣ್ಣೆ ಕುಡಿಯೋ ಮಗುವಿನ ಹಾಗೆ ಅದನ್ನ ಕುಡಿದೆ. ಅದರ ಹಿಂದಿನ ದಿನ ನಿನ್ನ ಅಸಲಿ ಔಷಧಿಯಿಂದ ನಾನು ಹನ್ನೊಂದು ಸಲ ಬಚ್ಚಲಿಗೆ ಓಡಿದ್ದೆ, ರಾತ್ರಿಯೆಲ್ಲ ಎದೆ ಢವಢವ. ನೀನು ‘ವಯಸ್ಸಾಯ್ತಲ್ಲ ಅಜ್ಜೀ’ ಅಂದೆ.

ನಿನ್ನ ಉಚ್ಚೆ ಕೆಂಪಗೆ ಬಂದಿದ್ದು ವಿಷ ಅಲ್ಲಪ್ಪಾ, ನನ್ನ ಬೀಟ್‌ರೂಟು.

ನೀನು ಕುಡಿದಿದ್ದು ಅರ್ಧ ಬೀಟ್‌ರೂಟು, ನಾಲ್ಕು ಪೆಪ್ಪರಮೆಂಟು. ಅದನ್ನ ಕುಡಿದು ನೀನು ಪಾಸಾದೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ಹಾಗಾದ್ರೆ ಮೈ ತೊಳೆದವರು ಯಾರು? ಇದನ್ನೇ ನಾನು ನಿನ್ನೆಯಿಂದ ಯೋಚಿಸ್ತಿರೋದು. ಕ್ಯಾಲೆಂಡರ್ ತೆಗೆದು ಎಣಿಸಿದೆ. ಪ್ಲಾಸ್ಟರ್ ಹಾಕಿದ ದಿನದಿಂದ ಬಿಚ್ಚಿದ ದಿನದವರೆಗೆ ನಲವತ್ತೊಂದು ದಿನ. ಆ ನಲವತ್ತೊಂದು ದಿನವೂ ನೀನು ನನ್ನ ಕೋಣೆಯಲ್ಲೇ ಮಲಗಿದ್ದೆ. ಬಣ್ಣದ ಗಿರಣಿಯಲ್ಲಿ ಪಳಗಿದ ಈ ಮೂಗಿನ ಪಕ್ಕದಲ್ಲಿ ಸೇದೋ ಧೈರ್ಯ ನಿನಗಿರಲಿಲ್ಲ. ಮೊದಲ ವಾರ ನಿನಗೆ ನಿದ್ದೆ ಬರ್ತಿರಲಿಲ್ಲ, ಅಂಗಿ ಒದ್ದೆಯಾಗೋ ಹಾಗೆ ಬೆವರ್ತಿದ್ದೆ, ಸಣ್ಣದಕ್ಕೂ ಸಿಡಿಮಿಡಿ. ಸೆಖೆಗೆ ಅಂದ್ಕೊಂಡು ನಾನು ಫ್ಯಾನು ನಿನ್ನ ಕಡೆ ತಿರುಗಿಸ್ತಿದ್ದೆ. ನೀನು ನನ್ನ ತಲೆ ಬಾಚಿದೆ, ಅನ್ನ ಬಸಿದೆ, ಮೂರನೇ ವಾರದಲ್ಲಿ ಒಂದು ದಿನ ಪಾತ್ರೆ ತೊಳೀತಾ ಸಿಳ್ಳೆ ಹಾಕಿದೆ. ಎಷ್ಟು ವರ್ಷವಾಗಿತ್ತು ನಿನ್ನ ಸಿಳ್ಳೆ ಕೇಳಿ!

ಒಂದೇ ಕೋಣೆ, ಎರಡು ಮಂಚ. ಒಂದರ ಮೇಲೆ ನನ್ನ ಮೂಳೆ ತನ್ನಷ್ಟಕ್ಕೆ ತಾನೇ ಕೂಡಿಕೊಳ್ತಿತ್ತು. ಇನ್ನೊಂದರ ಮೇಲೆ ನಿನ್ನ ಮೈ ಎರಡು ವರ್ಷದ ಹೊಗೆಯನ್ನ ದಿನಕ್ಕಿಷ್ಟು ಅಂತ ಹೊರಗೆ ಹಾಕ್ತಿತ್ತು. ಯಾರೂ ಹೇಳಲಿಲ್ಲ, ಯಾರೂ ತೋರಿಸಿಕೊಡಲಿಲ್ಲ. ನಾವಿಬ್ಬರೂ ಗೊರಕೆ ಹೊಡೀತಿದ್ವಿ, ಒಳಗೆ ಕೆಲಸ ನಡೀತಾ ಇತ್ತು. ಡಾಕ್ಟರು ನನ್ನ ಮೂಳೆ ಕೂಡಿಸಲಿಲ್ಲ ಕಣೋ, ಅಲುಗಾಡದ ಹಾಗೆ ಕಟ್ಟಿದರು ಅಷ್ಟೇ, ಕೂಡಿಸಿದ್ದು ಒಳಗಿನವರು. ಇವತ್ತು ಬೆಳಗ್ಗೆ ಈ ಮಣಿಕಟ್ಟನ್ನ ತಿರುಗಿಸಿ ತಿರುಗಿಸಿ ನೋಡಿದೆ, ಕಣ್ಣಲ್ಲಿ ನೀರು ಬಂತು. ನನ್ನ ಜನ್ಮದಲ್ಲಿ ನೂರಾರು ಬಣ್ಣ ಹಾಕಿದ್ದೀನಿ, ತೆಗೆದಿದ್ದೀನಿ. ಇಷ್ಟು ಅಚ್ಚುಕಟ್ಟಾಗಿ, ಇಷ್ಟು ಸದ್ದಿಲ್ಲದೆ ತೊಳೆಯೋ ಕೈ ಎಲ್ಲೂ ನೋಡಿಲ್ಲ. ಅದಕ್ಕೆ ಬೇಕಾಗಿದ್ದು ದಿನ, ಆಮೇಲೆ ಮತ್ತೆ ಕೊಳೆ ಸುರಿಯದೇ ಇರೋದು. ಅಂಥ ಮೈಯನ್ನ ಇಟ್ಕೊಂಡು ನೀನು ಒಂದು ಬಾಟಲಿ ಶರಬತ್ತಿಗೆ ಕೈ ಮುಗೀತೀಯಲ್ಲೋ!

ಇನ್ನೊಂದು ಮಾತು. ನೀನು ಸೇರಿದ ತಿಂಗಳು ನಾನು ಸೈಟು ನೋಡೋಕೆ ಬಂದಿದ್ದೆನಲ್ಲ. ಹುಟ್ಟಿದಾಗ ಅಂಗೈಯಷ್ಟಿದ್ದೆ ಅಂತ ನಿನಗೆ ಗುಬ್ಬಚ್ಚಿ ಅಂತ ಹೆಸರಿಟ್ಟವಳು ನಾನು. ಆ ಗುಬ್ಬಚ್ಚಿ ಇಪ್ಪತ್ತು ಅಂತಸ್ತಿನೆತ್ತರದಲ್ಲಿ ಕೂತು, ಒಂದು ಲಾರಿಯಷ್ಟು ಭಾರದ ಕಬ್ಬಿಣವನ್ನ ಗಾಳಿಯಲ್ಲಿ ತೇಲಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗೆರೆಯೊಳಗೆ ಇಳಿಸಿತು. ತಟ್ಟೆ ಇಟ್ಟಷ್ಟು ಮೆಲ್ಲಗೆ. ಕತ್ತು ನೋಯುವವರೆಗೆ ನೋಡಿದೆ. ಆದ್ರೆ ನನಗೆ ಇನ್ನೂ ಮರೆಯಲಾಗದ್ದು ಕೆಳಗಿದ್ದ ಆ ಕೊಕ್ಕೆಯಾಳು, ಇಳಿದ ಸರಕಿನಿಂದ ಕೊಕ್ಕೆ ಬಿಚ್ಚೋನು. ಅಷ್ಟು ಕಬ್ಬಿಣ ತನ್ನ ಕಡೆ ಇಳೀತಿದ್ರೂ ಅವನು ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ. ಪಕ್ಕದವನ ಜೊತೆ ಏನೋ ತಮಾಷೆ ಮಾತಾಡ್ತಾ ಕೈ ಚಾಚಿ ನಿಂತಿದ್ದ. ಮೇಲೆ ನೀನಿದ್ದೀಯ ಅಂತ ಅಷ್ಟು ನಂಬಿಕೆ. ಮಧ್ಯಾಹ್ನದ ಆ ಎರಡು ದಮ್ಮಿನ ವಿಷಯ ಅವನಿಗೆ ಗೊತ್ತಾ?

ನಿಮ್ಮ ನೋಟಿಸ್ ಬೋರ್ಡಿನ ವಿಷಯ ನೀನೇ ತಮಾಷೆ ಮಾಡಿ ಬರೆದಿದ್ದೀಯ: ಪರೀಕ್ಷೆಗೆ ಮುಂಚೆ ತಾನಾಗಿ ಬಂದು ಹೇಳಿದವನಿಗೆ ಮೈ ತಿಳಿಯಾಗುವವರೆಗೆ ನೆಲದ ಕೆಲಸ, ಸಿಕ್ಕಿಬಿದ್ದವನಿಗೆ ಮನೆ ದಾರಿ. ‘ಯಾರು ಹೇಳ್ಕೋತಾರೆ ಅಜ್ಜೀ?’ ಅಂತ ಕೇಳಿದ್ದೀಯ. ನಾನು ಹೇಳ್ಕೊಂಡೆನಲ್ಲೋ, ಎಪ್ಪತ್ತೊಂದು ವರ್ಷದ ಕಳ್ಳಿ, ಈಗ ತಾನೇ. ಮೊದಲ ಸಾಲು ಬರೆಯೋದು ಕಷ್ಟ, ಆಮೇಲೆ ಹಗುರವಾಗುತ್ತೆ. ನನ್ನ ಹೆಸರೇ ಹೇಳು ಬೇಕಾದ್ರೆ, ನಮ್ಮಜ್ಜಿ ಪೀಡಿಸಿದಳು ಅನ್ನು.

ನಿನ್ನ ಬೆನ್ನು ನೆಟ್ಟಗಿರಲಿ, ನಿದ್ದೆ ಗಟ್ಟಿಯಾಗಿರಲಿ, ಆ ಸಿಳ್ಳೆ ಮತ್ತೆ ಬರಲಿ. ನಿನ್ನ ಪಕ್ಕದ ರೂಮಿನವನಿಗೂ ಆ ಕೊಕ್ಕೆಯಾಳಿಗೂ ನಾನು ಕೇಳಿದೆ ಅಂತ ಹೇಳು. ನಿಮ್ಮಮ್ಮ ನಿನಗೆ ಸ್ವೆಟರು ಕಳಿಸ್ತಿದ್ದಾಳೆ, ಅದರೊಳಗೆ ಏನೂ ಸುತ್ತಿಲ್ಲ.

ನಿನ್ನ ಮೇಲೆ ಇನ್ನೂ ಪ್ರಾಣವನ್ನೇ ಇಟ್ಟಿರೋ,
ಅಜ್ಜಿ

ತಾ.ಕ.: ಸೋಮವಾರ ಬೆಳಗಾಯ್ತು, ಪೋಸ್ಟಿನ ಡಬ್ಬಿ ತೆಗೆಯೋ ಹೊತ್ತು, ಗಡಿಬಿಡಿಯಲ್ಲಿ ಬರೀತಿದ್ದೀನಿ. ಬಾಟಲಿ ಕಳಿಸಲ್ಲ. ಎರಡನ್ನೂ ಸಿಂಕಿಗೆ ಸುರಿದೆ, ಸಿಂಕಿನ ಕಲೆ ಕೂಡ ಹೋಗಲಿಲ್ಲ. ಅದರ ಬದಲು ಗುರುವಾರದ ಬಸ್ಸಿಗೆ ನಾನೇ ಬರ್ತಿದ್ದೀನಿ. ಕ್ವಾರ್ಟರ್ಸಿನಲ್ಲಿ ಮನೆಯವರು ಬಂದು ಇರಬಹುದು ಅಂತ ನೀನೇ ಹೇಳಿದ್ದೆ. ಮಡಿಚೋ ಮಂಚ ತರ್ತೀನಿ, ನಿನ್ನ ರೂಮಿನಲ್ಲೇ ಹಾಕು, ನಲವತ್ತೊಂದು ದಿನ. ನಿಮ್ಮಮ್ಮನಿಗೆ ಗಾಳಿ ಬದಲಾವಣೆಗೆ ಅಂದಿದ್ದೀನಿ. ಆದ್ರೆ ನನಗಾಗಿ ಕಾಯಬೇಡ. ಈ ಕಾಗದ ಮಂಗಳವಾರ ಸೇರುತ್ತೆ. ಬುಧವಾರ ಬೆಳಗ್ಗೆ ಏಣಿ ಹತ್ತೋಕೆ ಮುಂಚೆ ಫೋರ್‌ಮನ್ ಹತ್ತಿರ ಹೋಗು. ಗುರುವಾರ ಬಸ್ಸಿಳಿದವಳು ನಾನು ಮೊದಲು ಕತ್ತೆತ್ತಿ ಆ ಗೂಡಿನ ಕಡೆ ನೋಡ್ತೀನಿ. ಅಲ್ಲಿ ಬೇರೆ ಯಾರಾದರೂ ಕೂತಿರಲಿ. ನೀನು ಕೆಳಗೆ, ಗೇಟಿನ ಹತ್ತಿರ, ನನ್ನ ಮಂಚ ಇಳಿಸೋಕೆ ಕೈ ಚಾಚಿ ನಿಂತಿರು.